ಸಾನ್ವಿ ಅಂದರೆ ನಿಜವಾಗಿಯೂ ಲಕ್ಷ್ಮಿನಾ?

ಪ್ರಶ್ನೆ: ನಮ್ಮ ಮಗಳಿಗೆ ಇನ್ನೇನು ಎರಡು ತಿಂಗಳು ತುಂಬುತ್ತದೆ. ಶತಭಿಷಾ ನಕ್ಷತ್ರ, ಎರಡನೇ ಪಾದ. 'ಸಾ' ಅಕ್ಷರದ ಹೆಸರು ಇಡಿ ಎಂದು ಪುರೋಹಿತರು ಹೇಳಿದ್ದಾರೆ. ನನಗೂ ನಮ್ಮ ಮನೆಯವರಿಗೂ 'ಸಾನ್ವಿ' ತುಂಬಾ ಇಷ್ಟ. ನೆಟ್‌ನಲ್ಲಿ ಹುಡುಕಿದರೆ ಒಂದು ಕಡೆ ಲಕ್ಷ್ಮಿ ಅಂತಿದೆ, ಇನ್ನೊಂದು ಕಡೆ ಪಾರ್ವತಿ, ಮತ್ತೊಂದು ಕಡೆ 'ಎಲ್ಲರೂ ಅನುಸರಿಸುವವಳು'. ನಮ್ಮ ಮಾವ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರಾಗಿದ್ದವರು. "ಅದು ಪದವೇ ಅಲ್ಲ, ಅರ್ಥವಿಲ್ಲದ ಹೆಸರು ನನ್ನ ಮೊಮ್ಮಗಳಿಗೆ ಬೇಡ" ಎಂದು ಪಟ್ಟು ಹಿಡಿದು ಕೂತಿದ್ದಾರೆ. ಯಾರು ಸರಿ? ಬೇರೆ ಹೆಸರು ನೋಡಬೇಕಾ?

ಉತ್ತರ: ನಿಮ್ಮ ಮಾವ ಹೇಳಿದ್ದರಲ್ಲಿ ಮೊದಲರ್ಧ ಸರಿ. ಸಾನ್ವಿ ಎಂಬ ಪದ ಸಂಸ್ಕೃತದಲ್ಲಿ ಇಲ್ಲ. ಆದರೆ ಅದಕ್ಕೇ ಬೇಡ ಅನ್ನುವುದಿದೆಯಲ್ಲ, ಆ ಎರಡನೇ ಅರ್ಧದ ಬಗ್ಗೆ ಅವರ ಜೊತೆ ಸ್ವಲ್ಪ ವಾದ ಮಾಡಬಹುದು. ಮಾಡುವ ಮುಂಚೆ ವಿಷಯ ಪೂರ್ತಿ ತಿಳಿದುಕೊಂಡು ಹೋಗಿ. ಸಂಸ್ಕೃತ ಮೇಷ್ಟ್ರ ಎದುರು ನೆಟ್‌ನ ಅರ್ಥ ಹಿಡಿದುಕೊಂಡು ನಿಂತರೆ ಗೆಲ್ಲುವುದಿಲ್ಲ.

ಮೊದಲು ಲಕ್ಷ್ಮಿಯ ವಿಷಯ. ದೇವತೆಗಳ ಹೆಸರು ನೋಡಬೇಕೆಂದರೆ ಹಳಬರು ತೆಗೆಯುತ್ತಿದ್ದದ್ದು ಅಮರಕೋಶ. ನಿಮ್ಮ ಮಾವನಿಗೆ ಬಾಯಿಪಾಠವೇ ಇರುತ್ತದೆ. 'ಲಕ್ಷ್ಮೀಃ ಪದ್ಮಾಲಯಾ ಪದ್ಮಾ ಕಮಲಾ ಶ್ರೀರ್ಹರಿಪ್ರಿಯಾ, ಇಂದಿರಾ ಲೋಕಮಾತಾ ಮಾ ಕ್ಷೀರೋದತನಯಾ ರಮಾ.' ಕಮಲಾ ಇದೆ, ಇಂದಿರಾ ಇದೆ, ರಮಾ ಇದೆ, ಒಂದೇ ಅಕ್ಷರದ 'ಮಾ' ಕೂಡ ಇದೆ. ಸಾನ್ವಿ ಇಲ್ಲ. ಪಾರ್ವತಿಯ ಪಟ್ಟಿ ಇನ್ನೂ ಉದ್ದ. ಉಮಾ, ಕಾತ್ಯಾಯನೀ, ಗೌರೀ, ಹೈಮವತೀ, ಶಿವಾ, ಭವಾನೀ, ರುದ್ರಾಣೀ, ಶರ್ವಾಣೀ, ಅಪರ್ಣಾ, ಹೀಗೆ ಹೋಗುತ್ತದೆ. ಅಲ್ಲೂ ಸಾನ್ವಿ ಇಲ್ಲ, ಶಾನ್ವಿಯೂ ಇಲ್ಲ. ಲಲಿತಾ ಸಹಸ್ರನಾಮದಲ್ಲಿ 'ಶಾಂಕರೀ ಶ್ರೀಕರೀ ಸಾಧ್ವೀ' ಎಂದು ಬರುತ್ತದೆ. ಸಾಧ್ವೀ ಇದೆ, ಅಷ್ಟೇ. ಮೋನಿಯರ್ ವಿಲಿಯಮ್ಸ್ ಅವರ ದೊಡ್ಡ ಸಂಸ್ಕೃತ ನಿಘಂಟು, ಆಪ್ಟೆ ಅವರದು, ಕನ್ನಡದಲ್ಲಿ 1894ರ ಕಿಟೆಲ್ ನಿಘಂಟು, ಯಾವುದನ್ನು ತಿರುವಿದರೂ ಇದೇ ಕತೆ.

ಹಾಗಾದರೆ ನೆಟ್‌ನಲ್ಲಿ ಲಕ್ಷ್ಮಿ ಅಂತ ಯಾಕಿದೆ? ಹೆಸರಿನ ವೆಬ್‌ಸೈಟ್‌ಗಳಿಗೆ ಪ್ರತಿ ಹೆಸರಿನ ಎದುರೂ ಏನಾದರೂ ಬರೆಯಲೇಬೇಕು, ಖಾಲಿ ಬಿಡುವ ಹಾಗಿಲ್ಲ. ಹುಡುಗಿಯ ಹೆಸರಿಗೆ ಅರ್ಥ ಗೊತ್ತಿಲ್ಲದಿದ್ದರೆ 'ಲಕ್ಷ್ಮಿ' ಎಂದು ಹಾಕಿಬಿಡುವುದು ಸುಲಭ. ಯಾರೂ ಬೇಡ ಅನ್ನುವುದಿಲ್ಲ, ಯಾರೂ ಸಹಸ್ರನಾಮ ತೆಗೆದು ಪರೀಕ್ಷೆ ಮಾಡುವುದಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡುತ್ತಾರೆ. ಹತ್ತು ಕಡೆ ಕಂಡ ಮೇಲೆ ನಮಗೂ ನಿಜ ಅನ್ನಿಸುತ್ತದೆ. ಒಂದೇ ಹೆಸರಿಗೆ ಲಕ್ಷ್ಮಿಯೂ ಪಾರ್ವತಿಯೂ ಎರಡೂ ಅರ್ಥ ಕೊಟ್ಟಿದ್ದಾರೆ ಅಂದರೆ ಅಲ್ಲೇ ಅನುಮಾನ ಬರಬೇಕು, ಅಲ್ವಾ?

ಈಗ ಸ್ವಾರಸ್ಯದ ಭಾಗಕ್ಕೆ ಬರುತ್ತೇನೆ. ಪದ ಇಲ್ಲದಿದ್ದರೂ ಕಿವಿಗೆ ಸಂಸ್ಕೃತದ ಹಾಗೇ ಕೇಳುತ್ತದೆ. ಅದು ಸುಮ್ನೆ ಆದದ್ದಲ್ಲ. ಸಂಸ್ಕೃತದಲ್ಲಿ '-ವೀ' ಎಂದು ಮುಗಿಯುವ ಹೆಣ್ಣು ರೂಪಗಳ ಒಂದು ಗುಂಪೇ ಇದೆ. ತನು ಅಂದರೆ ತೆಳ್ಳಗಿನ, ಅದರ ಸ್ತ್ರೀಲಿಂಗ ತನ್ವೀ. ಸಾಧು, ಸಾಧ್ವೀ. ಮೃದು, ಮೃದ್ವೀ. ಲಘು, ಲಘ್ವೀ. ಉರು ಅಂದರೆ ವಿಶಾಲ, ಉರ್ವೀ ಅಂದರೆ ವಿಶಾಲವಾದವಳು, ಅದೇ ಭೂಮಿ. ಪೃಥು, ಪೃಥ್ವೀ, ಅದೂ ಭೂಮಿಯೇ. 'ಉ' ಮೇಲೆ 'ಈ' ಬಂದಾಗ ಉಕಾರ ವಕಾರ ಆಗುತ್ತದೆ. ಶಾಲೆಯಲ್ಲಿ ಯಣ್ ಸಂಧಿ ಅಂತ ಓದಿದ್ದೀರಲ್ಲ, ಅದೇ. ಇದಕ್ಕೆ ಪಾಣಿನಿಯ ಸೂತ್ರವೇ ಇದೆ, 'ವೋತೋ ಗುಣವಚನಾತ್'. ಅಂದರೆ ಉಕಾರದಲ್ಲಿ ಮುಗಿಯುವ, ಗುಣ ಹೇಳುವ ಪದಗಳಿಗೆ ಬೇಕಾದರೆ ಈ ರೂಪ ಬರುತ್ತದೆ. ಗುಣ ಹೇಳುವ ಪದ ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಗುಂಪಿನಲ್ಲಿ ಹೆಸರಾಗಿ ಚೆನ್ನಾಗಿ ನಿಂತದ್ದು ತನ್ವಿ. ಕಾಳಿದಾಸನ ಮೇಘದೂತದಲ್ಲಿ ಯಕ್ಷ ತನ್ನ ಹೆಂಡತಿಯನ್ನು ವರ್ಣಿಸುವಾಗ ಮೊದಲು ಬರುವ ಪದವೇ ಅದು, 'ತನ್ವೀ ಶ್ಯಾಮಾ ಶಿಖರಿದಶನಾ'. ಹಾಗಾಗಿ ತನ್ವಿ ಎಂದು ಹೆಸರಿಟ್ಟವರಿಗೆ ಯಾರೂ ತಕರಾರು ಮಾಡುವ ಹಾಗಿಲ್ಲ. ಎಲ್ಲಾ ರೂಪಗಳೂ ಹೀಗೆ ಹೆಸರಿಗೆ ಒದಗುವುದಿಲ್ಲ. ಗುರ್ವೀ ಅಂದರೆ ಹಿರಿಯಳು ಅನ್ನುವ ಅರ್ಥದ ಜೊತೆ ಬಸುರಿ ಎಂಬ ಅರ್ಥವೂ ಇದೆ, ಮಗುವಿಗೆ ಯಾಕೆ ಬೇಕು! ಸಾಧ್ವಿ ಒಳ್ಳೆಯ ಪದವೇ, ಆದರೆ ಈಗ ಕೇಳಿದರೆ ಕಾವಿ ಬಟ್ಟೆಯೇ ನೆನಪಾಗುತ್ತದೆ.

ಇನ್ನೊಂದು ದಾರಿಯಲ್ಲಿ ಬಂದದ್ದು ಜಾನ್ವಿ. ಮೂಲ ಜಾಹ್ನವಿ. ಗಂಗೆ ಹರಿಯುತ್ತಾ ಬಂದು ಜಹ್ನು ಮುನಿಯ ಯಜ್ಞದ ಜಾಗ ಮುಳುಗಿಸಿದಳು. ಅವನು ಸಿಟ್ಟಿನಿಂದ ಅವಳನ್ನು ಕುಡಿದುಬಿಟ್ಟ, ಆಮೇಲೆ ಕಿವಿಯಿಂದ ಹೊರಗೆ ಬಿಟ್ಟ. ಅದಕ್ಕೇ ಅವಳು ಜಹ್ನುವಿನ ಮಗಳು, ಜಾಹ್ನವಿ. ನಮ್ಮ ನಾಲಿಗೆಗೆ 'ಹ್ನ' ಒಗ್ಗುವುದಿಲ್ಲ. ಜಾನ್ಹವಿ ಆಯಿತು, ಆಮೇಲೆ ಹಕಾರವೂ ಉದುರಿ ಜಾನ್ವಿ ಆಯಿತು. ಮಾನ್ವಿಯೂ ಹಾಗೇ, ಮಾನವಿ ಎಂಬುದು ಮಧ್ಯದಲ್ಲಿ ಸ್ವರ ಕಳೆದುಕೊಂಡ ರೂಪ. (ರಾಯಚೂರು ಕಡೆಯವರಿಗೆ ಮಾತ್ರ ಮಾನ್ವಿ ಅಂದರೆ ಊರು, ಹರಿಕಥಾಮೃತಸಾರದ ಜಗನ್ನಾಥದಾಸರ ಊರು. ಅಲ್ಲಿ ಮಗುವಿಗೆ ಆ ಹೆಸರಿಟ್ಟರೆ ಬಸ್ ಬೋರ್ಡ್ ನೋಡಿ ನಗುತ್ತಾರೆ.) ಧನ್ವಿ ಅಂತಲೂ ಈಗ ಹೆಣ್ಣುಮಕ್ಕಳಿಗೆ ಇಡುತ್ತಿದ್ದಾರೆ. ಅದು ಬಿಲ್ಲುಗಾರ, ಗಂಡು ಪದ. ವಿಷ್ಣು ಸಹಸ್ರನಾಮದ 'ಈಶ್ವರೋ ವಿಕ್ರಮೀ ಧನ್ವೀ' ದಿನಾ ಕೇಳುತ್ತೇವೆ. ಹೆಣ್ಣಾದರೆ ಧನ್ವಿನೀ ಆಗಬೇಕಿತ್ತು. ಇಕಾರದಲ್ಲಿ ಮುಗಿಯುವುದೆಲ್ಲ ಹೆಣ್ಣಿನ ಹೆಸರು ಎಂದು ನಮ್ಮ ಕಿವಿ ತೀರ್ಮಾನ ಮಾಡಿಬಿಟ್ಟಿದೆ.

ಹೀಗೆ ತನ್ವಿ, ಜಾನ್ವಿ, ಮಾನ್ವಿ ಕೇಳಿ ಕೇಳಿ ಅದೇ ಅಚ್ಚಿನಲ್ಲಿ ಎರಕ ಹೊಯ್ದದ್ದು ಸಾನ್ವಿ, ಶಾನ್ವಿ, ಅನ್ವಿ. ಇದು ನನ್ನ ಖಚಿತ ಅಭಿಪ್ರಾಯ. ಮೊದಲು ನಾದ ಬಂತು, ಅರ್ಥವನ್ನು ಆಮೇಲೆ ತಂದು ಅಂಟಿಸಿದರು. ನಮ್ಮಲ್ಲಿ 2016ರ ಕೊನೆಗೆ ಬಂದ ಕಿರಿಕ್ ಪಾರ್ಟಿಯ ನಾಯಕಿಯ ಹೆಸರೂ ಸಾನ್ವಿ, ಹಾಗಾಗಿ ಹೆಸರು ಮನೆಮನೆಗೂ ಗೊತ್ತಾಯಿತು. ಅದಕ್ಕೂ ಮುಂಚೆಯೇ ಸಾನ್ವಿಯರು ಇದ್ದರು ಬಿಡಿ.

ಸರಿ, ಯಾರಾದರೂ ಹಟ ಹಿಡಿದು ಸಾನ್ವಿಗೆ ವ್ಯಾಕರಣದಿಂದಲೇ ಅರ್ಥ ಹೊರಡಿಸುತ್ತೇನೆ ಅಂದರೆ? 'ಸಾನು' ಎಂಬ ಪದ ಇದೆ. ಬೆಟ್ಟದ ನೆತ್ತಿ, ತಪ್ಪಲಿನ ಮೇಲಿನ ಸಮತಟ್ಟು. ಅದೂ ಮೇಘದೂತದ ಆರಂಭದಲ್ಲೇ ಇದೆ. ಆಷಾಢದ ಮೊದಲ ದಿನ ಯಕ್ಷನಿಗೆ ಕಾಣುವ ಮೋಡ 'ಆಶ್ಲಿಷ್ಟಸಾನು', ಬೆಟ್ಟದ ನೆತ್ತಿಯನ್ನು ತಬ್ಬಿಕೊಂಡದ್ದು. ತನು ತನ್ವೀ ಆದ ಹಾಗೆ ಸಾನು ಸಾನ್ವೀ ಆಗಬಾರದಾ? ಇಲ್ಲೇ ನಿಮ್ಮ ಮಾವ ಹಿಡಿದುಕೊಳ್ಳುತ್ತಾರೆ. ಸೂತ್ರ ಹೇಳಿದ್ದು ಗುಣ ಹೇಳುವ ಪದಕ್ಕೆ. ತೆಳ್ಳಗೆ, ಮೆತ್ತಗೆ, ಹಗುರ ಇವು ಗುಣ. ಬೆಟ್ಟದ ನೆತ್ತಿ ಗುಣ ಅಲ್ಲ, ವಸ್ತು. ಹಾಗಾಗಿ ಆ ಬಾಗಿಲು ಮುಚ್ಚಿತು. ಶಾನ್ವಿಗಂತೂ 'ಶಾನು' ಅಂತ ಒಂದು ಮೂಲವೂ ಸಿಗುವುದಿಲ್ಲ. ಅನ್ವಿ ಎಂದು ಇಡಲು ಹೊರಟವರಿಗೆ ಮಾತ್ರ ಒಂದು ದಾರಿ ಇದೆ. ನಕಾರದ ಬದಲು ಣಕಾರ ಹಾಕಿದರೆ ಅಣ್ವಿ, ಅಣು ಪದದ ಸ್ತ್ರೀಲಿಂಗ, ಸೂಕ್ಷ್ಮವಾದವಳು. ಋಗ್ವೇದದ ಮೊದಲ ಮಂಡಲದಲ್ಲೇ ಸೋಮರಸ ಸೋಸುವ ಬೆರಳುಗಳಿಗೆ 'ಅಣ್ವೀ' ಎಂದಿದ್ದಾರೆ. ಪುಟ್ಟ ಮಗುವಿನ ಬೆರಳು ನೋಡಿದವರಿಗೆ ಇಷ್ಟವಾಗುವ ಹೆಸರು, ಆದರೆ ಯಾರೂ ಇಡುವುದಿಲ್ಲ, ಇಟ್ಟರೂ ಎಲ್ಲರೂ ಅನ್ವಿ ಎಂದೇ ಕರೆಯುತ್ತಾರೆ.

'ಅನುಸರಿಸುವವಳು' ಎಂಬ ಅರ್ಥ ಎಲ್ಲಿಂದ ಬಂತು ಎಂದು ಯೋಚಿಸಿದರೆ ಒಂದು ಎಳೆ ಸಿಗುತ್ತದೆ. ಅನು ಅಂದರೆ ಹಿಂದೆ, ಜೊತೆಗೆ. 'ಇ' ಧಾತು ಅಂದರೆ ಹೋಗುವುದು. ಎರಡೂ ಸೇರಿ ಅನ್ವಯ, ಅನ್ವಿತ ಇತ್ಯಾದಿ ಆಗುತ್ತವೆ. ಗುಣಾನ್ವಿತೆ ಅಂದರೆ ಗುಣದಿಂದ ಕೂಡಿದವಳು. ಈ ಅನ್ವಿತವನ್ನು ಯಾರೋ ಅರ್ಧಕ್ಕೆ ಕತ್ತರಿಸಿ 'ಅನ್ವಿ' ಮಾಡಿ, ಅದಕ್ಕೆ 'ಹಿಂಬಾಲಿಸು' ಎಂಬ ಅರ್ಥ ಅಂಟಿಸಿ, ಶುರುವಿಗೆ ಒಂದು 'ಸ' ಸೇರಿಸಿರಬೇಕು. ಸಂಸ್ಕೃತ ಹಾಗೆ ಮಾಡಲು ಬಿಡುವುದಿಲ್ಲ. ಆದರೆ ಈ ತಪ್ಪು ದಾರಿಯಲ್ಲೇ ಒಂದು ಒಳ್ಳೆಯ ಪದ ಕೈಗೆ ಸಿಗುತ್ತದೆ.

ಸಾನ್ವಯ.

ಸ ಮತ್ತು ಅನ್ವಯ ಸೇರಿದರೆ ಸಾನ್ವಯ. ಇದು ಇವತ್ತು ಕಟ್ಟಿದ್ದಲ್ಲ, ನಿಘಂಟಿನಲ್ಲಿರುವ ಹಳೆಯ ಪದ. ಅನ್ವಯಕ್ಕೆ ವಂಶ ಎಂಬ ಅರ್ಥ ಇದೆ, ಸಂಬಂಧ ಎಂಬ ಅರ್ಥ ಇದೆ, ಪದ್ಯದ ಪದಗಳನ್ನು ಅರ್ಥವಾಗುವ ಕ್ರಮಕ್ಕೆ ಜೋಡಿಸುವುದಕ್ಕೂ ಅನ್ವಯ ಎನ್ನುತ್ತಾರೆ. ಹಾಗಾಗಿ ಸಾನ್ವಯ ಅಂದರೆ ತನ್ನ ವಂಶದ ಜೊತೆಗೂಡಿದ್ದು, ಸಂಬಂಧ ಉಳ್ಳದ್ದು, ಅರ್ಥ ಉಳ್ಳದ್ದು. ಹಳೆಯ ಸಂಸ್ಕೃತ ಪುಸ್ತಕಗಳ ಮುಖಪುಟದ ಮೇಲೆ 'ಸಾನ್ವಯ' ಎಂದು ಅಚ್ಚಾಗಿರುತ್ತದೆ, ಶ್ಲೋಕದ ಜೊತೆ ಅನ್ವಯವನ್ನೂ ಕೊಟ್ಟಿದ್ದೇವೆ ಅಂತ ಹೇಳಲು. ನಿಮ್ಮ ಮಾವನ ಕಪಾಟಿನಲ್ಲಿ ಅಂಥದ್ದೊಂದು ಇದ್ದರೂ ಇರಬಹುದು, ನೋಡಿ. ಹೆಣ್ಣು ಮಗುವಿಗೆ ಸಾನ್ವಯಾ. ಮನೆಯಲ್ಲಿ ಕರೆಯಲು ಸಾನ್ವಿ. ಜಾಹ್ನವಿ ಜಾನ್ವಿ ಆದ ಹಾಗೆಯೇ ಇದೂ. 'ಅರ್ಥವಿಲ್ಲದ ಹೆಸರು ಬೇಡ' ಎಂದವರಿಗೆ ಅರ್ಥ ಉಳ್ಳವಳು ಎಂಬ ಅರ್ಥದ ಹೆಸರನ್ನೇ ಕೊಟ್ಟರೆ ಏನನ್ನುತ್ತಾರೆ? ನನಗಂತೂ ಅವರ ಮುಖ ನೋಡುವ ಆಸೆ ಇದೆ.

ಇದೇ ದಾರಿಯಲ್ಲಿ ಇನ್ನೊಂದು ಆಯ್ಕೆ ಸಾನುಮತಿ. ಶಾಕುಂತಲ ನಾಟಕದ ಆರನೇ ಅಂಕದಲ್ಲಿ ಬರುವ ಅಪ್ಸರೆ, ಮೇನಕೆಯ ಗೆಳತಿ. ಉಂಗುರ ಸಿಕ್ಕ ಮೇಲೆ ದುಷ್ಯಂತ ನಿಜವಾಗಿಯೂ ಕೊರಗುತ್ತಿದ್ದಾನಾ ಇಲ್ಲವಾ ಎಂದು ಯಾರಿಗೂ ಕಾಣದ ಹಾಗೆ ನಿಂತು ನೋಡಿಕೊಂಡು ಹೋಗುವವಳು ಅವಳೇ. ಗೆಳತಿಯ ಮಗಳ ಸಲುವಾಗಿ ಅರಮನೆಗೆ ಬಂದು ವಿಚಾರಿಸಿಕೊಂಡು ಹೋದ ಚಿಕ್ಕಮ್ಮ ಅನ್ನಿ. ಅಷ್ಟು ಒಳ್ಳೆಯ ಪಾತ್ರದ ಹೆಸರನ್ನು ಯಾಕೆ ಯಾರೂ ಇಡುವುದಿಲ್ಲ ಅಂತ ನನಗೆ ಯಾವಾಗಲೂ ಆಶ್ಚರ್ಯ. ಹೆಸರು ಸ್ವಲ್ಪ ಉದ್ದ, ನಿಜ. ಆದರೆ ಸಾನು ಎಂದು ಕರೆಯಬಹುದು, ಸಾನ್ವಿ ಎಂದೂ ಕರೆಯಬಹುದು.

'ಸಾ'ದಿಂದ ಶುರುವಾಗುವ ಬೇರೆ ಹೆಸರು ಬೇಕೆಂದರೆ ಬರ ಇಲ್ಲ. ಸಾಗರಿಕಾ ಇದೆ. ಹರ್ಷನ ರತ್ನಾವಳಿ ನಾಟಕದಲ್ಲಿ ಸಮುದ್ರದಲ್ಲಿ ಸಿಕ್ಕಿದ ರಾಜಕುಮಾರಿಗೆ ಇಟ್ಟ ಹೆಸರು ಅದು. ಅದೇ ನಾಟಕದಲ್ಲಿ ಪಂಜರದಿಂದ ತಪ್ಪಿಸಿಕೊಂಡ ಒಂದು ಸಾರಿಕೆ, ಅಂದರೆ ಗೊರವಂಕ, ಹುಡುಗಿಯರು ಗುಟ್ಟಾಗಿ ಆಡಿದ ಮಾತನ್ನೆಲ್ಲ ಒದರಿಬಿಡುತ್ತದೆ. ಮಾತಿನ ಮಲ್ಲಿ ಆಗುವ ಲಕ್ಷಣ ಈಗಲೇ ಕಂಡರೆ ಸಾರಿಕಾ ಎಂದಿಡಿ. ಸಾವಿತ್ರಿ, ಸಾಧನಾ ಈಗ ಅಜ್ಜಿ, ಅತ್ತೆಯರ ಹೆಸರಾಗಿಬಿಟ್ಟಿವೆ. ಇನ್ನೊಂದು ಸುತ್ತು ತಿರುಗಿ ಬರುತ್ತವೆ, ಕಾಯಬೇಕು.

ಅಕ್ಷರದ ವಿಷಯ ಒಂದು ಮಾತು. ಶತಭಿಷಕ್ಕೆ ಗೋ, ಸಾ, ಸೀ, ಸೂ. ಎರಡನೇ ಪಾದಕ್ಕೆ ಸಾ, ಪುರೋಹಿತರು ಹೇಳಿದ್ದು ಸರಿಯಾಗಿದೆ. ಆದರೆ ಈ ಪಟ್ಟಿಯನ್ನು ಕಲ್ಲಿನ ಮೇಲಿನ ಬರಹ ಮಾಡಿಕೊಳ್ಳಬೇಡಿ. ಅದರ ಪ್ರಕಾರ ಆರಿದ್ರಾ ಮೂರನೇ ಪಾದದಲ್ಲಿ ಹುಟ್ಟಿದ ಮಗುವಿಗೆ 'ಙ' ಅಕ್ಷರದಿಂದ ಹೆಸರಿಡಬೇಕು, ಹಸ್ತಾ ಮೂರನೇ ಪಾದಕ್ಕೆ 'ಣ'. ಇಟ್ಟು ತೋರಿಸಲಿ ನೋಡೋಣ. ಅದಕ್ಕೇ ಹಿಂದಿನವರು ನಕ್ಷತ್ರದ ಹೆಸರು ಬೇರೆ, ಕರೆಯುವ ಹೆಸರು ಬೇರೆ ಇಟ್ಟುಕೊಂಡಿದ್ದರು. ಅಕ್ಕಿ ಹರಡಿದ ತಟ್ಟೆಯಲ್ಲಿ ಉಂಗುರದಿಂದ ಎರಡು ಮೂರು ಹೆಸರು ಬರೆಯುವುದು ನೀವೂ ನೋಡಿರುತ್ತೀರಿ. ನಕ್ಷತ್ರದ ಹೆಸರು ತಟ್ಟೆಯಲ್ಲೇ ಉಳಿಯುತ್ತದೆ, ಸಂಕಲ್ಪದಲ್ಲಿ ಬಂದರೆ ಬಂತು. ಸ್ಕೂಲಿಗೆ ಹೋಗುವುದು ಇನ್ನೊಂದು.

ನಿಮ್ಮ ಮಾವ ಶಾಸ್ತ್ರ ತೆಗೆದರೆ ಮನುಸ್ಮೃತಿಯ ಎರಡನೇ ಅಧ್ಯಾಯದ ಶ್ಲೋಕ ಹೇಳುತ್ತಾರೆ. ಹೆಣ್ಣಿನ ಹೆಸರು ಹೇಳಲು ಸುಲಭ ಇರಬೇಕು, ಒರಟಾಗಿರಬಾರದು, 'ವಿಸ್ಪಷ್ಟಾರ್ಥ' ಅಂದರೆ ಅರ್ಥ ಸ್ಪಷ್ಟ ಇರಬೇಕು, ಮನಸ್ಸಿಗೆ ಹಿಡಿಸಬೇಕು, ಕೊನೆಗೆ ದೀರ್ಘ ಸ್ವರ ಇರಬೇಕು. ಸಾನ್ವೀ ಎಂದು ದೀರ್ಘ ಮಾಡಿದರೆ ಅರ್ಥದ ವಿಷಯ ಒಂದನ್ನು ಬಿಟ್ಟು ಉಳಿದದ್ದರಲ್ಲಿ ಪಾಸ್. ಮನೆಯಲ್ಲಿ ಮಾಡುವ ಸಂಸ್ಕಾರಗಳ ನಿಯಮ ಹೇಳುವ ಹಳೆಯ ಗ್ರಂಥ ಪಾರಸ್ಕರ ಗೃಹ್ಯಸೂತ್ರ ಇನ್ನೂ ಬಿಗಿ. ಹೆಣ್ಣಿನ ಹೆಸರಲ್ಲಿ ಬೆಸ ಸಂಖ್ಯೆಯ ಅಕ್ಷರ ಇರಬೇಕು, 'ಆ'ಕಾರದಲ್ಲಿ ಮುಗಿಯಬೇಕು ಎನ್ನುತ್ತದೆ. ಎರಡೇ ಅಕ್ಷರದ ಸಾನ್ವಿ ಇಲ್ಲಿ ಫೇಲ್. ಆದರೆ ಸೀತಾ, ಉಮಾ, ಗಂಗಾ, ಗೌರೀ ಎಲ್ಲರೂ ಫೇಲ್! ಸಾನ್ವಯಾಗೆ ಮಾತ್ರ ಮೂರು ಅಕ್ಷರ, ಕೊನೆಗೆ ಆಕಾರ, ಸ್ಪಷ್ಟ ಅರ್ಥ, ಶುರುವಿಗೆ ನಕ್ಷತ್ರದ 'ಸಾ'. ಇಷ್ಟೆಲ್ಲ ಒಟ್ಟಿಗೆ ಕೂಡಿಬರುವುದು ಅಪರೂಪ.

ಇಷ್ಟು ಹೇಳಿದ ಮೇಲೂ, ನಿಮಗೆ ಬರೀ ಸಾನ್ವಿಯೇ ಬೇಕು ಅನ್ನಿಸಿದರೆ ಇಡಿ. ತಪ್ಪೇನಿಲ್ಲ. ಹಳೇ ಮೈಸೂರು ಕಡೆ ಮನೆಗೊಬ್ಬ ನಂಜಮ್ಮ ಇರುತ್ತಿದ್ದರು. ನಂಜು ಅಂದರೆ ವಿಷ. ನಂಜುಂಡೇಶ್ವರನ ಹೆಸರು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ವಿಷದ ಯೋಚನೆ ಯಾರಿಗೂ ಬರಲಿಲ್ಲ. ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪಮ್ಮ ಎಂದಿಟ್ಟರು, ದೃಷ್ಟಿ ತಾಗದಿರಲಿ ಅಂತ. ಹೆಣ್ಣು ಜಾಸ್ತಿ ಆಯಿತು ಅನ್ನಿಸಿದ ಮನೆಯಲ್ಲಿ ಸಾಕಮ್ಮ ಎಂದಿಟ್ಟರು. ಆ ಹೆಸರಿನ ಅರ್ಥ ಎಷ್ಟು ಸ್ಪಷ್ಟ ನೋಡಿ, ಮನುವಿಗೆ ತೃಪ್ತಿ ಆಗುವಷ್ಟು. ಹಾಗಂತ ಬೆಂಗಳೂರಿನ ಕಾಫಿಪುಡಿ ಸಾಕಮ್ಮನವರನ್ನು ಯಾರಾದರೂ ಹೆಸರಿನ ಅರ್ಥದಿಂದ ನೆನಪಿಟ್ಟುಕೊಂಡಿದ್ದಾರಾ? ಬಸವನಗುಡಿಯಲ್ಲಿ ಒಂದು ಬಡಾವಣೆಗೇ ಅವರ ಹೆಸರಿದೆ. ಅರ್ಥ ಇದ್ದೂ ಬೇಡವಾದ ಹೆಸರನ್ನು ಹೊತ್ತು ಬಾಳಿದವರಿಗಿಂತ, ಅರ್ಥ ಇಲ್ಲದಿದ್ದರೂ ಅಪ್ಪ ಅಮ್ಮ ಇಷ್ಟಪಟ್ಟು ಇಟ್ಟ ಹೆಸರಿನವಳು ಏನೂ ಕಡಿಮೆ ಇಲ್ಲ.

ನಾನು ಬೇಡ ಅನ್ನುವುದು ಒಂದನ್ನೇ. ಆಮಂತ್ರಣದಲ್ಲಿ 'ಸಾನ್ವಿ ಎಂದರೆ ಲಕ್ಷ್ಮೀದೇವಿ' ಎಂದು ಅಚ್ಚು ಹಾಕಿಸಬೇಡಿ, ಮಗುವಿಗೂ ಹಾಗೆ ಹೇಳಿ ಬೆಳೆಸಬೇಡಿ. ಸ್ಕೂಲಿನಲ್ಲಿ ಯಾವುದೋ ದಿನ ಸಂಸ್ಕೃತದ ಟೀಚರ್ ಎಲ್ಲರ ಎದುರು 'ಎಲ್ಲಿದೆ ತೋರಿಸು' ಅಂದರೆ ಪಾಪ ಅದಕ್ಕೆ ಅವಮಾನ. ಇದು ಹೊಸ ಹೆಸರು, ತನ್ವಿ ಜಾನ್ವಿಯರ ತಂಗಿ, ಕೇಳಲು ಚೆನ್ನಾಗಿತ್ತು ಅಂತ ಇಟ್ಟೆವು ಅನ್ನಿ. ನಾಚಿಕೆ ಪಡುವಂಥದ್ದು ಏನಿದೆ ಅದರಲ್ಲಿ?

ಅವಸರ ಇಲ್ಲ. ಜನನ ನೋಂದಣಿ ಹೆಸರಿಲ್ಲದೆಯೂ ಆಗಿರುತ್ತದೆ, ಆಸ್ಪತ್ರೆಯಲ್ಲಿ ಹೆರಿಗೆ ಆದರೆ ಅವರೇ ಕಳಿಸಿರುತ್ತಾರೆ. ಆಮೇಲೆ ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ, ಅದು ದಾಟಿದರೆ ತಡವಾದ ಶುಲ್ಕ ಕಟ್ಟಬೇಕು. ಅಷ್ಟರೊಳಗೆ ಮಾವನವರ ಜೊತೆ ಕೂತು ಮಾತಾಡಿ. ಸೇರಿಸುವಾಗ ಒಂದು ಎಚ್ಚರ ಇರಲಿ. ಇಂಗ್ಲಿಷಿನಲ್ಲಿ ಶುರುವಿಗೆ ಎರಡು 'ಎ' ಹಾಕಿ, ಒಂದೇ ಹಾಕಿದರೆ ಹೊರಗಿನವರು ಸನ್ವಿ ಎಂದು ಓದುತ್ತಾರೆ. ಎಸ್ ಪಕ್ಕ ಎಚ್ ಸೇರಿದರೆ ಶಾನ್ವಿ ಆಗಿಬಿಡುತ್ತದೆ, ಆಮೇಲೆ ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು ಅಂತ ಅಲೆದಾಟ. ಕನ್ನಡದ ಹೆಸರನ್ನೂ ಅರ್ಜಿಯಲ್ಲಿ ನೀವೇ ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಕಂಪ್ಯೂಟರ್ ಮುಂದೆ ಕೂತವರು ಇಂಗ್ಲಿಷ್ ನೋಡಿಕೊಂಡು ಕನ್ನಡಕ್ಕೆ ಹಾಕಿದರೆ ಸಾನ್ವಯಾ ಹೋಗಿ ಸಾನವಯ ಆಗುವುದಕ್ಕೆ ಎಷ್ಟು ಹೊತ್ತು? ಪ್ರಿಂಟ್ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ ನೋಡಿ, ತಪ್ಪಿದ್ದರೆ ಕೌಂಟರ್ ಬಿಟ್ಟು ಬರುವ ಮುಂಚೆಯೇ ತಿದ್ದಿಸಿಕೊಳ್ಳಿ.